ನಮಗೆ ಲಾಠಿ ಬೇಡ, ಎಫ್.ಐ.ಆರ್. ಬೇಕು



ಗಂಡ ಕುಡಿದು ಬಂದು ಹೊಡೆದ, ತವರಿನಿಂದ ದುಡ್ಡು ತಾ ಎಂದು ಅತ್ತೆಮನೆಯವರು ಹೊರಗೆ ಹಾಕಿದರು ಎಂದು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? 'ಸ್ವಾಮಿ, ಅವನನ್ನು ಕರೆಸಿ ನಾಲ್ಕು ಏಟು ಹಾಕಿ, ಬುದ್ಧಿ ಹೇಳಿ ಕಳಿಸಿ.' ನಂಜನಗೂಡು ಕಡೆಯಾಗಲಿ, ತಿ. ನರಸೀಪುರ ಕಡೆಯಾಗಲಿ, ಈ ಮಾತು ನಮಗೆಲ್ಲ ಬಾಯಿಪಾಠ. ಕೇಸು ಬೇಡ, ಕೋರ್ಟು ಬೇಡ, ನಾಲ್ಕು ಏಟು ಬಿದ್ದರೆ ಸಾಕು ಎನ್ನುತ್ತೇವೆ.

ಈ ಮಾತನ್ನು ನಾವು ಬಿಡಬೇಕು. ಬಿಟ್ಟರಷ್ಟೇ ಸಾಲದು. ಕಾನೂನು ಮೀರಿ ಹೊಡೆದ ಪೊಲೀಸರನ್ನು, ತಪ್ಪು ಮಾಡದವರನ್ನು ಹಿಡಿದು ಕೂಡಿಹಾಕಿದ ಪೊಲೀಸರನ್ನು ಕೋರ್ಟಿನ ಕಟಕಟೆಗೆ ಎಳೆಯುವುದು ಕೂಡ ಮಹಿಳಾ ಚಳುವಳಿಯ ಕೆಲಸವೇ ಎಂದು ಒಪ್ಪಿಕೊಳ್ಳಬೇಕು. 'ಇದೇನಮ್ಮ, ಹೊಡೆಯುವ ಗಂಡಸರ ಪರ ಮಾತಾಡ್ತೀಯ?' ಎಂದು ಕೆಲವರು ಕೇಳಬಹುದು. ಪೂರ್ತಿ ಓದಿ, ಆಮೇಲೆ ಹೇಳಿ.

ಮೊದಲು, ನಾಲ್ಕು ಏಟು ಬಿದ್ದ ಮೇಲೆ ಆಗುವುದೇನು ನೋಡೋಣ. ಗಂಡನನ್ನು ಕರೆಸುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ, ಮುಚ್ಚಳಿಕೆ ಬರೆಸಿಕೊಂಡು 'ಇನ್ನು ಹೊಂದಿಕೊಂಡು ಹೋಗಿ' ಎಂದು ಇಬ್ಬರನ್ನೂ ಒಂದೇ ಬಸ್ಸಿಗೆ ಹತ್ತಿಸುತ್ತಾರೆ. ಠಾಣೆಯಲ್ಲಿ ಅವನು ತಿಂದ ಏಟಿನ ಲೆಕ್ಕ ರಾತ್ರಿ ಮನೆಯಲ್ಲಿ ಯಾರ ಬೆನ್ನಿನ ಮೇಲೆ ತೀರುತ್ತದೆ? ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆ ನಾಲ್ಕು ಏಟಿನಲ್ಲಿ ನಮ್ಮ ದೂರು ಸತ್ತುಹೋಗುತ್ತದೆ. ಎಫ್.ಐ.ಆರ್. ಇಲ್ಲ, ಆಸ್ಪತ್ರೆಯ ಗಾಯದ ಸರ್ಟಿಫಿಕೇಟ್ ಇಲ್ಲ, ಸಾಕ್ಷಿಯ ಹೇಳಿಕೆ ಇಲ್ಲ. ನಾಳೆ ಆ ಹುಡುಗಿ ಸುಟ್ಟು ಸತ್ತರೆ, ಬಾವಿಯಲ್ಲಿ ಸಿಕ್ಕರೆ, ಮದುವೆಯಾಗಿ ಏಳು ವರ್ಷದೊಳಗೆ ಆದ ಆ ಸಾವನ್ನು ವರದಕ್ಷಿಣೆ ಸಾವು ಎಂದು ಸಾಬೀತು ಮಾಡಲು, ಸಾವಿಗೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟಿದ್ದರು ಎಂದು ತೋರಿಸಬೇಕು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಂ ಕೂಡ ಹಳೆಯ 304-ಬಿ ಹಾಗೆಯೇ ಇದನ್ನು ಕೇಳುತ್ತದೆ. 'ಹಿಂದೆ ದೂರು ಕೊಟ್ಟಿದ್ದಳೇ?' ಎಂದು ವಕೀಲರು ಕೇಳುತ್ತಾರೆ. ಕೊಟ್ಟಿದ್ದಳು. ಆದರೆ ಅದು ಕಾಗದಕ್ಕೆ ಇಳಿಯಲಿಲ್ಲ, ಗಂಡನ ಕೆನ್ನೆಗೆ ಇಳಿಯಿತು. ಕೆನ್ನೆಯ ಬಾಸುಂಡೆ ಎರಡು ದಿನಕ್ಕೆ ಮಾಯುತ್ತದೆ. ಕಾಗದವಾಗಿದ್ದರೆ ಉಳಿಯುತ್ತಿತ್ತು.

ಇನ್ನು ಲಾಠಿ ಯಾರ ಮೇಲೆ ಬೀಳುತ್ತದೆ ಎಂದು ಯೋಚಿಸಿ. ಎರಡು ಅಂತಸ್ತಿನ ಮನೆಯ ಅಳಿಯನಿಗೆ ಠಾಣೆಯಲ್ಲಿ ಕುರ್ಚಿ ಹಾಕುತ್ತಾರೆ. ಏಟು ತಿನ್ನುವವನು ಕೂಲಿಯವನು, ಕೇರಿಯವನು, ಹಾಡಿಯವನು. 2021ರ ಮೇ ತಿಂಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು ಠಾಣೆಯಲ್ಲಿ ಒಬ್ಬ ದಲಿತ ಯುವಕ, ತನ್ನನ್ನು ಕಟ್ಟಿಹಾಕಿ ಹೊಡೆದರು, ನೀರು ಕೇಳಿದರೆ ಮೂತ್ರ ನೆಕ್ಕಿಸಿದರು ಎಂದು ದೂರು ಕೊಟ್ಟ. ಅವನನ್ನು ಠಾಣೆಗೆ ತಂದದ್ದು ಒಬ್ಬ ಹೆಂಗಸಿನ ವಿಚಾರದಲ್ಲಿ. ನಮ್ಮ ಹೆಸರು ಹೇಳಿ ಎಂಥ ಕೆಲಸ ಮಾಡುತ್ತಾರೆ ನೋಡಿ! ಅವನು ಸುಮ್ಮನಿರದೆ ದೂರು ಕೊಟ್ಟದ್ದರಿಂದ ಪ್ರಕರಣ ಸಿ.ಐ.ಡಿ.ಗೆ ಹೋಯಿತು, ಅದೇ ವರ್ಷ ಆ ಸಬ್ ಇನ್ಸ್‌ಪೆಕ್ಟರ್ ಬಂಧನವಾಯಿತು.

ಈಗ ನಮ್ಮ ಮೈಸೂರು ಜಿಲ್ಲೆಯದೇ ಮಾತಿಗೆ ಬರೋಣ. ಕುಶಾಲನಗರದ ಹತ್ತಿರದ ಒಬ್ಬ ಗಿರಿಜನ ಕೂಲಿಯಾಳು ತನ್ನ ಹೆಂಡತಿ ಕಾಣೆಯಾಗಿದ್ದಾಳೆ ಎಂದು ತಾನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. 'ಇದು ಅವಳದೇ, ಕೊಂದವನು ಇವನೇ' ಎಂದು 2021ರಲ್ಲಿ ಅವನ ಮೇಲೆಯೇ ಕೊಲೆ ಕೇಸು ಹಾಕಿದರು. ಡಿ.ಎನ್.ಎ. ಪರೀಕ್ಷೆಯಲ್ಲಿ ಆ ಮೂಳೆ ಅವಳದಲ್ಲ ಎಂದು ಬಂದರೂ ಕೇಸು ನಿಲ್ಲಲಿಲ್ಲ. ವರ್ಷಕ್ಕೂ ಮೀರಿ ಅವನು ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಸಿಕ್ಕಳು! ಮೈಸೂರಿನ ಸೆಷನ್ಸ್ ಕೋರ್ಟು ಅವನನ್ನು ಬಿಡುಗಡೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಅಷ್ಟು ಸಾಲದು, 5 ಕೋಟಿ ಕೊಡಿಸಿ, ತಪ್ಪು ಮಾಡಿದ ಪೊಲೀಸರ ಮೇಲೆ ಕ್ರಮ ಜರುಗಿಸಿ ಎಂದು ಅವನು ಹೈಕೋರ್ಟಿಗೆ ಹೋದ. ಕೂಲಿಯಾಳು ಪೊಲೀಸರ ಮೇಲೆ ಕೋರ್ಟಿಗೆ ಹೋಗಬಲ್ಲ ಎಂದು ತೋರಿಸಿದ್ದಕ್ಕೆ ಅವನಿಗೆ ನಾನು ಕೈಮುಗಿಯುತ್ತೇನೆ.

ಆದರೆ ಅಕ್ಕತಂಗಿಯರೇ, ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಅವನ ಹೆಂಡತಿ ಬದುಕಿದ್ದಾಳೆ, ಸರಿ. ಹಾಗಾದರೆ ಆ ಮೂಳೆಗಳು ಯಾರವು? ಪೊಲೀಸರೇ ಒಬ್ಬ ಹೆಂಗಸಿನವು ಎಂದು ಕೇಸು ನಡೆಸಿದರಲ್ಲ, ಅವಳು ಯಾವ ತಾಯಿಯ ಮಗಳು? ಅವಳ ಮೇಲೆ ಯಾರು ಕೈ ಮಾಡಿದರು? ವರದಕ್ಷಿಣೆಗಾಗಿಯೋ, ಸಂಶಯಕ್ಕಾಗಿಯೋ, ಇನ್ನಾವುದಕ್ಕೋ? ಬಡವನೊಬ್ಬನ ತಲೆಗೆ ಕೊಲೆ ಕಟ್ಟಿ ಫೈಲು ಮುಚ್ಚಿದ ದಿನವೇ ಆ ಹೆಣ್ಣಿನ ನ್ಯಾಯದ ಬಾಗಿಲೂ ಮುಚ್ಚಿತು. ತಪ್ಪು ಬಂಧನ ಎಂದರೆ ಒಬ್ಬ ಗಂಡಸಿಗೆ ಆದ ಅನ್ಯಾಯ ಮಾತ್ರವಲ್ಲ. ನಿಜವಾಗಿ ಕೊಂದವನು ಆರಾಮವಾಗಿ ಓಡಾಡಿಕೊಂಡಿರಲು ಕೊಟ್ಟ ರಹದಾರಿ ಅದು. ಆದ್ದರಿಂದಲೇ ಇದು ಹೆಂಗಸರ ಪ್ರಶ್ನೆ.

ಲಾಠಿ ಗಂಡಸಿನ ಮೇಲೆ ಬಿದ್ದು ಅಲ್ಲಿಗೇ ನಿಲ್ಲುತ್ತದೆ ಎಂದು ಯಾರಾದರೂ ತಿಳಿದಿದ್ದರೆ, ನಮ್ಮ ನರಸೀಪುರದ ಪಕ್ಕದ ಕೊಳ್ಳೇಗಾಲದ ಕಡೆ ಹೋಗಿ ಕೇಳಲಿ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಮಲೆ ಮಹದೇಶ್ವರ ಬೆಟ್ಟವೂ ನಮ್ಮ ಮೈಸೂರು ಜಿಲ್ಲೆಯೇ. ವೀರಪ್ಪನ್‌ನನ್ನು ಹಿಡಿಯುತ್ತೇವೆ ಎಂದು ಬಂದ ವಿಶೇಷ ಪಡೆಯವರು ಕಾಡಂಚಿನ ಊರುಗಳ ಗಂಡಸರು ಹೆಂಗಸರನ್ನೆಲ್ಲ ಎಳೆದೊಯ್ದರು. ಬೆಟ್ಟದ ಮೇಲಿನ ಹಿಂಸೆಯ ಜಾಗಕ್ಕೆ 'ವರ್ಕ್‌ಶಾಪ್' ಎಂದೇ ಹೆಸರು ಬಿತ್ತು. ಅಲ್ಲಿ ಕರೆಂಟು ಕೊಟ್ಟದ್ದನ್ನು, ಮಾನಭಂಗ ಮಾಡಿದ್ದನ್ನು ಹೆಂಗಸರು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ಬಂದು ಹೇಳಿದರು. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಮಂದಿ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೊಳೆತರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಬಹುಪಾಲು ಜನ ನಿರ್ದೋಷಿಗಳು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಎರಡೂ ರಾಜ್ಯಗಳ 89 ಮಂದಿಗೆ 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ಕಳೆದುಹೋದ ಮಾನ, ವಯಸ್ಸು, ಸಂಸಾರಕ್ಕೆ ಇದು ಬೆಲೆಯಲ್ಲ. ಆದರೂ 'ನಿಮಗೆ ಅನ್ಯಾಯವಾಗಿದೆ' ಎಂದು ಸರ್ಕಾರದ ಆಯೋಗವೇ ಬರೆದುಕೊಟ್ಟ ಕಾಗದ ಅದು.

ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ವಾಚಾತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1992ರ ಜೂನ್‌ನಲ್ಲಿ ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಗಿರಿಜನ ಹಳ್ಳಿಗೆ ನುಗ್ಗಿ 18 ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಆ ಹೆಂಗಸರು ಹತ್ತೊಂಬತ್ತು ವರ್ಷ ಬಿಡಲಿಲ್ಲ. 2011ರಲ್ಲಿ ಆರೋಪಿಗಳಾದ 269 ನೌಕರರಲ್ಲಿ ಬದುಕಿದ್ದ 215 ಮಂದಿಗೂ ಶಿಕ್ಷೆಯಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದು, ಒಬ್ಬೊಬ್ಬ ಸಂತ್ರಸ್ತೆಗೆ 10 ಲಕ್ಷ ಕೊಡಬೇಕು, ಅದರಲ್ಲಿ ಅರ್ಧವನ್ನು ಅತ್ಯಾಚಾರ ಮಾಡಿದವರಿಂದಲೇ ವಸೂಲು ಮಾಡಬೇಕು ಎಂದಿತು. ಈ ವಸೂಲಿಯ ಮಾತು ಮುಖ್ಯ. ಸರ್ಕಾರ ಕೊಡುವ ಪರಿಹಾರ ನಮ್ಮದೇ ತೆರಿಗೆಯ ದುಡ್ಡು. ಏಟು ಕೊಟ್ಟವನ ಸಂಬಳಕ್ಕೆ ಕೈ ಬಿದ್ದರೆ ಮಾತ್ರ ಮುಂದಿನ ಲಾಠಿ ಎತ್ತುವ ಮುಂಚೆ ಕೈ ನಡುಗುತ್ತದೆ.

ಇಲ್ಲಿ ಗಂಡಸರ ಪರ ವಕಾಲತ್ತು ಮಾಡುವವರು ಬಾಯಿ ಹಾಕುತ್ತಾರೆ. 'ಸುಳ್ಳು ಬಂಧನದ ಮಾತಾಡ್ತೀರಲ್ಲ, 498-ಎ ಹಾಕಿಸಿ ಮುಗ್ಧರನ್ನು ಒಳಗೆ ಹಾಕಿಸುವವರು ನೀವೇ ಅಲ್ಲವೇ?' ಅವರಿಗೆ ನಮ್ಮ ಉತ್ತರ ನೇರವಾಗಿರಲಿ. ಹಿಡಿಯಲು ಕಾರಣ ಬೇಕು, ಕಾರಣವನ್ನು ಬರೆದಿಡಬೇಕು ಎಂದು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದು ನಮಗೂ ಒಪ್ಪಿಗೆ. ಆದರೆ ಆ ತೀರ್ಪು 'ದೂರು ತೆಗೆದುಕೊಳ್ಳಬೇಡಿ' ಎಂದು ಎಲ್ಲೂ ಹೇಳಿಲ್ಲ. ಸಂಸಾರದ ವ್ಯಾಜ್ಯದಲ್ಲಿ ಮೊದಲು ವಿಚಾರಿಸಿ ನೋಡಲು ಕಾನೂನು ಕೆಲವು ದಿನ ಕೊಡುತ್ತದೆ, ತಿಂಗಳುಗಟ್ಟಲೆ ಅಲೆದಾಡಿಸಲು ಕೊಡುವುದಿಲ್ಲ. ನಾವು ಕೇಳುವುದು ಎಫ್.ಐ.ಆರ್., ತನಿಖೆ, ಚಾರ್ಜ್‌ಶೀಟು. ಬರೆಯುವ ಕೆಲಸ ತಪ್ಪಿಸಿಕೊಳ್ಳಲು ಒಂದು ಮನೆಯವನಿಗೆ ಏಟು ಹಾಕಿ ಕಳಿಸುವವರು, ಇನ್ನೊಂದು ಮನೆಯವನನ್ನು ತನಿಖೆಯೇ ಇಲ್ಲದೆ ಒಳಗೆ ಹಾಕುವವರು, ಎರಡೂ ಕಡೆ ತಪ್ಪಿಸಿಕೊಳ್ಳುವುದು ಒಂದನ್ನೇ: ಕಾನೂನಿನ ಪ್ರಕಾರ ಮಾಡಬೇಕಾದ ಕೆಲಸವನ್ನು.

ಹಾಗಾದರೆ ಪೊಲೀಸರ ಮೇಲೆ ಕೇಸು ಹಾಕುವುದು ಹೇಗೆ? ಸಂಘದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಯಾರನ್ನೇ ಹಿಡಿದರೂ ಬಂಧನದ ಪತ್ರ ಬರೆಯಬೇಕು, ಅದಕ್ಕೆ ಮನೆಯವರೋ ಊರವರೋ ಸಾಕ್ಷಿ ಹಾಕಬೇಕು, ಮನೆಗೆ ತಿಳಿಸಬೇಕು ಎಂದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಟ್ಟಳೆ ಮಾಡಿದೆ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮುಂಚೆ ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅಗತ್ಯವಿದ್ದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು, ಮಹಿಳಾ ಅಧಿಕಾರಿ ಇರಬೇಕು. ಸಾಕ್ಷಿ ಹೇಳಿಕೆಗೆಂದು ಹೆಂಗಸನ್ನು ಠಾಣೆಗೆ ಕರೆಸುವಂತಿಲ್ಲ, ಅವರೇ ಮನೆಗೆ ಬರಬೇಕು.

ಏಟು ಬಿದ್ದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗಲೇ ಬಾಯಿಬಿಟ್ಟು ಹೇಳಿ, ಗಾಯ ತೋರಿಸಿ, ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟ್ ಕೇಳಿ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಅದರ ದಾಖಲೆಯನ್ನು ಕಡಿಮೆಯೆಂದರೂ ಒಂದು ವರ್ಷ ಉಳಿಸಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಡಮಾಡದೆ ಅದನ್ನು ಉಳಿಸಿಡಿ ಎಂದು ಲಿಖಿತವಾಗಿ ಕೇಳಿ. ಜಿಲ್ಲಾ ಎಸ್.ಪಿ.ಗೆ ರಿಜಿಸ್ಟರ್ ಅಂಚೆಯಲ್ಲಿ ದೂರು ಕಳಿಸಿ, ರಸೀತಿ ಇಟ್ಟುಕೊಳ್ಳಿ. ಅಲ್ಲಿ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಖಾಸಗಿ ದೂರು. ಪರಿಹಾರಕ್ಕೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಮಾನವ ಹಕ್ಕು ಆಯೋಗಕ್ಕಾದರೆ ಒಂದು ವರ್ಷದೊಳಗೆ ಹೋಗಬೇಕು. ದಲಿತರ, ಗಿರಿಜನರ ಮೇಲೆ ಆದದ್ದಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ. ಹೆಂಗಸರಿಗೆ ವರಮಾನ ನೋಡದೆ ಸರ್ಕಾರವೇ ವಕೀಲರನ್ನು ಕೊಡುತ್ತದೆ. ನಮ್ಮ ಎರಡೂ ತಾಲ್ಲೂಕಿನ ಕೋರ್ಟುಗಳಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ.

ದಾರಿ ಸಲೀಸಲ್ಲ ಎಂಬುದೂ ಗೊತ್ತಿರಲಿ. ಕರ್ತವ್ಯಕ್ಕೆ ಸಂಬಂಧಿಸಿ ಮಾಡಿದ ಕೆಲಸಕ್ಕೆ ಪೊಲೀಸರ ಮೇಲೆ ಕೇಸು ನಡೆಸಲು ಸರ್ಕಾರದ ಅನುಮತಿ ಬೇಕು ಎಂದು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಹೇಳುತ್ತದೆ. 2020ರಲ್ಲಿ ನಮ್ಮ ರಾಜ್ಯದ ದೇವರಾಜ ಪ್ರಕರಣದಲ್ಲಿ ಈ ಅನುಮತಿ ಇಲ್ಲವೆಂದೇ ಸುಪ್ರೀಂ ಕೋರ್ಟು ಅಧಿಕಾರಿಯ ಮೇಲಿನ ಕೇಸನ್ನು ರದ್ದುಮಾಡಿತು. ಕಟ್ಟಿಹಾಕಿ ಹೊಡೆಯುವುದು ಯಾವ ಕರ್ತವ್ಯ ಸ್ವಾಮಿ? ಯಾವ ಪಾಠದಲ್ಲಿ ಬರೆದಿದೆ? ಹಿಂಸೆಗೆ ಅನುಮತಿಯ ಗುರಾಣಿ ಇರಕೂಡದು ಎಂಬುದು ನಮ್ಮ ಒತ್ತಾಯವಾಗಬೇಕು.

ಧೈರ್ಯ ಸಾಲದೆಂದು ಅನ್ನಿಸಿದರೆ ಒಡಿಶಾದ ನೀಲಬತಿ ಬೆಹೆರಾರನ್ನು ನೆನೆಯಿರಿ. 1987ರಲ್ಲಿ ಪೊಲೀಸರು ಕರೆದೊಯ್ದ ಮಗ ಮರುದಿನ ರೈಲು ಹಳಿಯ ಮೇಲೆ ಹೆಣವಾಗಿ ಸಿಕ್ಕ. ಆ ತಾಯಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಕೋರ್ಟು ಅದನ್ನೇ ಅರ್ಜಿ ಎಂದು ತೆಗೆದುಕೊಂಡು 1993ರಲ್ಲಿ 1 ಲಕ್ಷ 50 ಸಾವಿರ ಪರಿಹಾರ ಕೊಡಿಸಿತು. ಇಂದಿಗೂ ಲಾಕಪ್ ಸಾವಿನ ಪರಿಹಾರಕ್ಕೆ ಹೋಗುವವರೆಲ್ಲ ಆ ತಾಯಿಯ ಹೆಸರು ಹೇಳಿಕೊಂಡೇ ಹೋಗುತ್ತಾರೆ.

ನಂಜನಗೂಡಿನ ದೊಡ್ಡ ಜಾತ್ರೆಗೆ ಬಂದೋಬಸ್ತ್ ಇದೆ, ತಿರುಮಕೂಡಲಿನ ಕುಂಭಮೇಳಕ್ಕೆ ಬಂದೋಬಸ್ತ್ ಇದೆ. ನಮ್ಮ ಮನೆಯೊಳಗಿನ ಭಯಕ್ಕೆ ಇಲ್ಲ. ಅದನ್ನು ಕೇಳೋಣ, ಜೋರಾಗಿಯೇ ಕೇಳೋಣ, ಆದರೆ ಲಾಠಿಯ ರೂಪದಲ್ಲಿ ಬೇಡ. ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಠರಾವು ಮಾಡಿ: ನಮ್ಮ ಸಂಘದ ಯಾವ ಹೆಂಗಸೂ ಠಾಣೆಗೆ ಒಬ್ಬಳೇ ಹೋಗುವುದಿಲ್ಲ, ಹೋದವರು ಏಟು ಕೇಳುವುದಿಲ್ಲ, ಎಫ್.ಐ.ಆರ್. ಪ್ರತಿ ಕೇಳುತ್ತೇವೆ; ಗಂಡಸಾಗಲಿ ಹೆಂಗಸಾಗಲಿ, ನಮ್ಮ ಕೇರಿಯವರನ್ನು ಕಾನೂನು ಮೀರಿ ಹೊಡೆದರೆ ಸಂಘವೇ ದೂರಿಗೆ ಸಹಿ ಹಾಕುತ್ತದೆ. ಒಬ್ಬಳ ಸಹಿಯನ್ನು ಹೆದರಿಸಿ ಅಳಿಸಬಹುದು. ಇಪ್ಪತ್ತು ಸಹಿಯನ್ನು, ಇಪ್ಪತ್ತು ಹೆಬ್ಬೆಟ್ಟನ್ನು ಅಳಿಸುವುದು ಅಷ್ಟು ಸುಲಭವಲ್ಲ.