ಬೆಳ್ಳಿತೆರೆಯ ಕಾಡು, ಬೇಲಿಯಾಚೆಯ ಕಾಡು

ಮಕ್ಕಳ ಕಥೆಗಳಲ್ಲಿ ಕೆಲವಕ್ಕೆ ಒಂದು ವಿಚಿತ್ರವಾದ ಹಣೆಬರಹವುಂಟು. ಅವನ್ನು ಓದಿದವರಿಗಿಂತ ನೋಡಿದವರೇ ಹೆಚ್ಚು. ರಡ್ಯಾರ್ಡ್ ಕಿಪ್ಲಿಂಗನು 1894ರಲ್ಲಿಯೂ 1895ರಲ್ಲಿಯೂ ಪ್ರಕಟಿಸಿದ ಎರಡು 'ಜಂಗಲ್ ಬುಕ್'ಗಳು ಈ ಗುಂಪಿಗೆ ಸೇರಿದುವು. ಮೌಗ್ಲಿಯ ಹೆಸರನ್ನು ಕೇಳದ ಹುಡುಗರು ನಮ್ಮ ಪೇಟೆಗಳಲ್ಲಿ ಇಲ್ಲವೆಂದರೂ ಸಲ್ಲುವುದು. ಪುಸ್ತಕವನ್ನು ಕೈಯಲ್ಲಿ ಹಿಡಿದವರನ್ನು ಮಾತ್ರ ದೀಪ ಹಚ್ಚಿಕೊಂಡು ಹುಡುಕಬೇಕು. ನಮ್ಮ ಕಾಲೇಜಿನ ಸಾಹಿತ್ಯ ಸಂಘದವರು 'ಕಾಡು ಮತ್ತು ಮಗು' ಎಂಬ ವಿಷಯವನ್ನು ಕೊಟ್ಟು ಒಂದು ಪ್ರಬಂಧ ಸ್ಪರ್ಧೆಯನ್ನಿಟ್ಟು, ಪರೀಕ್ಷಕನ ಹೊರೆಯನ್ನು ನನ್ನ ತಲೆಗೆ ಕಟ್ಟಿದರು. ಬಂದ ಪ್ರಬಂಧಗಳಲ್ಲಿ ಬಹುಪಾಲು 2016ರ ಮೌಗ್ಲಿ ಚಿತ್ರವನ್ನು ಕೊಂಡಾಡುವಂಥವು. ಒಂದು ಮಾತ್ರ ಬೇರೆ ದಾರಿ ಹಿಡಿದಿತ್ತು. ಬರೆದವಳು ಸಕಲೇಶಪುರದ ಕಡೆಯ ಹುಡುಗಿ. ಎರಡೇ ಪುಟ. ಆನೆಯೊಡನೆ ಗೆಳೆತನ ಮಾಡುವ ಮಗುವಿನ ಕಥೆ ತನಗೆ ಹಿಡಿಸುವುದಿಲ್ಲವೆಂದೂ, ಬೆಳಗ್ಗೆ ತೋಟಕ್ಕೆ ಹೋದ ತನ್ನ ಚಿಕ್ಕಪ್ಪ ಆನೆಯ ಕಾಲಿಗೆ ಸಿಕ್ಕಿ ಮನೆಗೆ ಹಿಂತಿರುಗಲಿಲ್ಲವೆಂದೂ ಮೊದಲ ಸಾಲಿನಲ್ಲಿಯೇ ಬರೆದಿದ್ದಳು. ಆ ಸಾಲು ನನ್ನನ್ನು ಈ ಚಿತ್ರಗಳನ್ನೆಲ್ಲ ಇನ್ನೊಮ್ಮೆ ನೋಡುವಂತೆ ಮಾಡಿತು.

ಮೊದಲನೆಯ 'ಜಂಗಲ್ ಬುಕ್'ನಲ್ಲಿ ಮೌಗ್ಲಿಯ ಕಥೆಗಳಲ್ಲದೆ ಬೇರೆ ಕಥೆಗಳೂ ಉಂಟು. ಅವುಗಳಲ್ಲಿ 'ಆನೆಗಳ ತೂಮಾಯಿ' ಎಂಬುದೊಂದು. ತೂಮಾಯಿ ಮಾವುತರ ವಂಶದ ಹತ್ತು ವರ್ಷದ ಬಾಲಕ. ಅವನ ಹಿರಿಯರು ತಲೆಮಾರುಗಳಿಂದ ಸಾಕಿಕೊಂಡು ಬಂದ ಕಾಲಾ ನಾಗ್ ಸರ್ಕಾರದ ಚಾಕರಿಯಲ್ಲಿ ನಲವತ್ತೇಳು ವರ್ಷ ಸವೆಸಿದ ಆನೆ. ಗಾರೋ ಬೆಟ್ಟಗಳಲ್ಲಿ ಕಾಡಾನೆಗಳನ್ನು ಹಿಡಿಯುವುದು ಅದರ ಕೆಲಸ. ನಮ್ಮವರು ಈಗ ಕುಮ್ಕಿ ಎನ್ನುತ್ತಾರಲ್ಲ, ಅದೇ. ಖೆಡ್ಡಾದ ಒಳಕ್ಕೆ ಹೋಗಲು ನನಗೆ ಅಪ್ಪಣೆ ಯಾವಾಗ ಎಂದು ಹುಡುಗ ಕೇಳಿದರೆ, ಆನೆಗಳ ಕುಣಿತವನ್ನು ಕಂಡ ದಿನ ಬಾ ಎಂದು ಪೀಟರ್ಸನ್ ಸಾಹೇಬ ನಗುತ್ತಾನೆ. ಎಂದಿಗೂ ಇಲ್ಲವೆಂಬುದಕ್ಕೆ ಆನೆಯವರ ನಡುವೆ ಇದ್ದ ನಾಣ್ನುಡಿ ಅದು. ಅಂದು ರಾತ್ರಿ ಬೇರೆ ಆನೆಯೊಂದು ಗಲಾಟೆ ಮಾಡುತ್ತಿದ್ದುದರಿಂದ ಕಾಲಾ ನಾಗನ ಸರಪಣಿಯನ್ನು ಬಿಚ್ಚಿ ಅದಕ್ಕೆ ತೊಡಿಸಿ, ಕಾಲಾ ನಾಗನ ಕಾಲಿಗೆ ಒಂದು ಹುಲ್ಲಿನ ಹುರಿಯನ್ನು ಸುತ್ತಿ, ನೀನು ಬಿಗಿಯಾಗಿ ಕಟ್ಟಿಸಿಕೊಂಡಿದ್ದೀಯೆ, ನೆನಪಿರಲಿ ಎಂದು ಹೇಳಿ ಹೋಗುತ್ತಾರೆ. ಎಲ್ಲರೂ ಮಲಗಿದ ಮೇಲೆ ಆ ಹುರಿ ಪಟಕ್ಕನೆ ಹರಿಯುತ್ತದೆ. ಹುಡುಗ ಹಿಂದೆ ಓಡಿ, ನನ್ನನ್ನೂ ಕರೆದುಕೊಂಡು ಹೋಗು ಎನ್ನುತ್ತಾನೆ. ಆನೆ ಅವನನ್ನು ಸೊಂಡಿಲಿನಿಂದ ಎತ್ತಿ ಕುತ್ತಿಗೆಯ ಮೇಲೆ ಕೂರಿಸಿಕೊಳ್ಳುತ್ತದೆ. ಕುಣಿತ ಮುಗಿದ ಮೇಲೆ, ಬೆಳಗಿನ ಜಾವದಲ್ಲಿ ಕಾಲಾ ನಾಗ್ ತಾನಾಗಿಯೇ ಬಿಡಾರಕ್ಕೆ ಹಿಂತಿರುಗುತ್ತದೆ.

ಈ ಕಥೆಯ ಜೀವವೆಲ್ಲ ಆ ಹುಲ್ಲಿನ ಹುರಿಯಲ್ಲಿದೆಯೆಂದು ನನ್ನ ಭಾವನೆ. ಆನೆ ನಮ್ಮ ಬಳಿ ಇರುವುದು ನಮ್ಮ ಬಲದಿಂದಲ್ಲ. ಅದು ಒಪ್ಪಿಕೊಂಡಿರುವಷ್ಟು ಹೊತ್ತು ಮಾತ್ರ. ಕಿಪ್ಲಿಂಗನ ಸಾಮ್ರಾಜ್ಯಭಕ್ತಿಯನ್ನು ನಾವು ಎಷ್ಟು ಬೇಕಾದರೂ ಹಳಿಯೋಣ, ಹಳಿಯಲೇಬೇಕು. ಈ ಒಂದು ವಿಷಯದಲ್ಲಿ ಅವನು ತನಗಿಂತ ದೊಡ್ಡದಾದ ಸತ್ಯವನ್ನು ಬರೆದಿದ್ದಾನೆ. ಅವನ ಕಥೆಯಲ್ಲಿ ಬಾಲಕನು ಆನೆಯ ಗೆಳೆಯನಲ್ಲ, ಆಳು. ಆನೆ ಸರ್ಕಾರದ ಆಳು. ಇಬ್ಬರೂ ದುಡಿಯುವವರು.

ಈ ಕಥೆ ತೆರೆಗೆ ಬಂದದ್ದು ನಮ್ಮ ಮೈಸೂರು ಸೀಮೆಯ ಮೂಲಕ. 'ನಾನೂಕ್' ಚಿತ್ರದಿಂದ ಹೆಸರಾಗಿದ್ದ ರಾಬರ್ಟ್ ಫ್ಲಾಹರ್ಟಿ, ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾನ ಪರವಾಗಿ 1935ರಲ್ಲಿ ಮೈಸೂರಿಗೆ ಬಂದಿಳಿದ. ಗಾರೋ ಬೆಟ್ಟದ ಕಥೆ ಕಾಕನಕೋಟೆಯ ಕಾಡಿಗೆ ಸರಿಯಿತು. ಇದು ಅಷ್ಟೇನೂ ಅಸಂಗತವಲ್ಲ. ಪೀಟರ್ಸನ್ ಸಾಹೇಬನ ಪಾತ್ರಕ್ಕೆ ಮೈಸೂರಿನಲ್ಲಿ ಖೆಡ್ಡಾ ನಡೆಸಿದ ಜಿ. ಪಿ. ಸ್ಯಾಂಡರ್ಸನ್ನನೇ ಮಾದರಿಯೆಂದು ಹೇಳುವುದುಂಟು. ಕಾಲಾ ನಾಗನಾಗಿ ನಟಿಸಿದ್ದು ಮಹಾರಾಜರ ಗಜಶಾಲೆಯ ಐರಾವತ. ತೂಮಾಯಿಯಾಗಿ ದೊರಕಿದವನು ಹೆಗ್ಗಡದೇವನಕೋಟೆಯ ಬಳಿಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿ, ಮಾವುತ ತಂದೆಯನ್ನು ಕಳೆದುಕೊಂಡು, ಗಜಶಾಲೆಯ ಆಶ್ರಯದಲ್ಲಿ ಬೆಳೆಯುತ್ತಿದ್ದ ಸಾಬು. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಕಂಡಿತು. ಅದೇ ವರ್ಷ ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಬಹುಮಾನವನ್ನೂ ಪಡೆಯಿತು.

ಚಿತ್ರವನ್ನು ಈಗ ನೋಡಿದರೆ ಎರಡು ಕೈಗಳು ಅದನ್ನು ಎರಡು ಕಡೆಗೆ ಎಳೆದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಫ್ಲಾಹರ್ಟಿ ಇಲ್ಲಿ ತೆಗೆದ ಭಾಗಗಳಲ್ಲಿ ಕಥೆಯೇ ಇಲ್ಲ. ಹುಡುಗ ಆನೆಯನ್ನು ಹೊಳೆಯಲ್ಲಿ ಮೀಯಿಸುತ್ತಾನೆ, ಉಜ್ಜುತ್ತಾನೆ, ಅದರೊಡನೆ ಜಗಳವಾಡುತ್ತಾನೆ. ನೋಡುತ್ತ ಕುಳಿತರೆ ಹೊತ್ತು ಹೋಗುವುದೇ ತಿಳಿಯದು. ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಜೋಲ್ಟಾನ್ ಕೋರ್ಡಾ ಸೇರಿಸಿದ ಭಾಗಗಳಲ್ಲಿ ಬರಿಯ ಕಥೆ: ತಂದೆಯನ್ನು ಹುಲಿ ಕೊಲ್ಲುತ್ತದೆ, ದುಃಖದಿಂದ ಆನೆಗೆ ಹುಚ್ಚು ಹಿಡಿಯುತ್ತದೆ, ಹೊಸ ಮಾವುತ ಹೊಡೆದು ಹಿಂಸಿಸಿ, ಆನೆಯಿಂದ ಗಾಯಗೊಂಡು, ಅದನ್ನು ಕೊಲ್ಲಬೇಕೆಂದು ಹಠ ಹಿಡಿಯುತ್ತಾನೆ, ಹುಡುಗ ತನ್ನ ಆನೆಯೊಡನೆ ಕಾಡಿಗೆ ಓಡಿಹೋಗುತ್ತಾನೆ. ಹುಲ್ಲಿನ ಹುರಿ ಎಲ್ಲಿಯೋ ಬಿದ್ದುಹೋಯಿತು. ಅದರ ಸ್ಥಾನಕ್ಕೆ ಬಂದದ್ದು ಗೆಳೆತನ. ಮುಂದಿನ ಎಂಬತ್ತು ವರ್ಷಗಳ ಚಿತ್ರಗಳೆಲ್ಲಕ್ಕೂ ಅಡಿಪಾಯ ಬಿದ್ದದ್ದು ಇಲ್ಲಿಯೇ.

ಸಾಬುವಿನ ಮುಂದಿನ ಬಾಳು ಒಂದು ಕಾದಂಬರಿಗೆ ಸಾಲುವಷ್ಟಿದೆ. 1942ರಲ್ಲಿ ಅದೇ ಜೋಲ್ಟಾನ್ ಕೋರ್ಡಾ ಕ್ಯಾಲಿಫೋರ್ನಿಯಾದಲ್ಲಿ ಭಾರತದ ಕಾಡನ್ನು ಕಟ್ಟಿ ನಿಲ್ಲಿಸಿ 'ಜಂಗಲ್ ಬುಕ್' ತೆಗೆದಾಗ ಮೌಗ್ಲಿಯಾದವನೂ ಇವನೇ. ನಿಜವಾದ ಕಾಡಿನಿಂದ ಹೋದ ಹುಡುಗ ಕಟ್ಟಿದ ಕಾಡಿನಲ್ಲಿ ಕಾಡುಹುಡುಗನ ವೇಷ ಹಾಕಬೇಕಾಯಿತು. 1944ರಲ್ಲಿ ಅಮೆರಿಕದ ಪೌರನಾಗಿ, ಯುದ್ಧದಲ್ಲಿ ಬಾಂಬು ವಿಮಾನದ ಗೋಲಂದಾಜನಾಗಿ ಹೋರಾಡಿ ಪದಕ ಪಡೆದ. 1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡ. ಮರಣದ ನಂತರ ಬಿಡುಗಡೆಯಾದ ಅವನ ಕೊನೆಯ ಚಿತ್ರ, ಸರ್ಕಸ್ಸಿನಿಂದ ತಪ್ಪಿಸಿಕೊಂಡ ಹುಲಿಯೊಂದನ್ನು ಕುರಿತದ್ದು. ಅವನು ಹುಟ್ಟಿದ ಕಾರಾಪುರಕ್ಕೆ ಈಗ ಸಫಾರಿಯ ಪ್ರವಾಸಿಗಳು ಬರುತ್ತಾರೆ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು; ಕೆಲವೇ ವರ್ಷಗಳಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಆ ಪ್ರದೇಶವನ್ನು ಆವರಿಸಿತು.

1967ರ ವಾಲ್ಟ್ ಡಿಸ್ನಿ ಸಂಸ್ಥೆಯ ಚಿತ್ರವನ್ನು ಕುರಿತು ಬಹಳ ಹೇಳಬೇಕಾಗಿಲ್ಲ. ಹಾಡುಗಳು ಸೊಗಸಾಗಿವೆ, ಮಕ್ಕಳು ನಗುತ್ತಾರೆ. ಭಾರತದಲ್ಲಿಲ್ಲದ ಒರಾಂಗುಟಾನ್ ಕೋತಿ ಭಾರತದ ಕಾಡಿನಲ್ಲಿ ರಾಜ್ಯವಾಳುತ್ತದೆ. ನನಗೆ ಒಂದು ಸ್ವಂತದ ತಕರಾರು ಮಾತ್ರ ಉಂಟು. ಕಿಪ್ಲಿಂಗನ ಬಲೂ ಕರಡಿ ಕಾಡಿನ ಕಟ್ಟಳೆಗಳನ್ನು ಬಾಯಿಪಾಠ ಮಾಡಿಸುವ, ತಪ್ಪಿದರೆ ಏಟು ಕೊಡುವ ಕಟ್ಟುನಿಟ್ಟಿನ ಉಪಾಧ್ಯಾಯ. ನನ್ನ ಈ ವೃತ್ತಿಬಾಂಧವನನ್ನು ಡಿಸ್ನಿಯವರು ತಿಂದುಂಡು ಅಲೆಯುವ ಸೋಮಾರಿಯನ್ನಾಗಿ ಮಾಡಿಬಿಟ್ಟರು. ಕಟ್ಟಳೆ ಹೋಯಿತು, ಕುಣಿತ ಉಳಿಯಿತು. ಕೊನೆಗೆ ನೀರು ತರುವ ಹುಡುಗಿಯ ಹಿಂದೆ ಮೌಗ್ಲಿ ನಗುತ್ತ ಊರು ಸೇರುತ್ತಾನೆ.

ಮೂಲದಲ್ಲಿ ಊರಿನ ಪ್ರಸಂಗ ಇಷ್ಟು ಸುಖಕರವಲ್ಲ. ಊರವರು ಮೌಗ್ಲಿಯನ್ನು ಮಾಟಗಾರನೆಂದು ಕಲ್ಲು ಹೊಡೆದು ಓಡಿಸುತ್ತಾರೆ. ಅವನನ್ನು ಮಗನೆಂದು ಕಂಡ ಹೆಂಗಸನ್ನೂ ಅವಳ ಗಂಡನನ್ನೂ ಸುಡಲು ಹೊರಡುತ್ತಾರೆ. ಆಗ ಮೌಗ್ಲಿ ಹಾಥಿಯೆಂಬ ಆನೆಯನ್ನೂ ಅದರ ಮೂವರು ಮಕ್ಕಳನ್ನೂ ಕರೆಸಿ ಆ ಊರಿನ ಮೇಲೆ ಕಾಡನ್ನು ಬಿಡುತ್ತಾನೆ. ಮೊದಲು ಬೆಳೆ ಹೋಗುತ್ತದೆ, ಆಮೇಲೆ ಕಣಜ, ಕೊನೆಗೆ ಗೋಡೆ. ಮಳೆ ಬಿದ್ದ ಮೇಲೆ ಉತ್ತ ನೆಲದ ಮೇಲೆ ಕಾಡು ಎದ್ದು ನಿಲ್ಲುತ್ತದೆ. ಎರಡನೆಯ ಪುಸ್ತಕದಲ್ಲಿರುವ ಈ ಅಧ್ಯಾಯ 1967ರ ಚಿತ್ರದಲ್ಲಿಯೂ ಇಲ್ಲ, 2016ರ ಚಿತ್ರದಲ್ಲಿಯೂ ಇಲ್ಲ. 2016ರ ಚಿತ್ರದಲ್ಲಿ ಆಗುವುದು ಇದಕ್ಕೆ ತೀರ ವಿರುದ್ಧ: ಮೌಗ್ಲಿ ಗುಂಡಿಗೆ ಬಿದ್ದ ಮರಿಯಾನೆಯನ್ನು ಕಾಪಾಡುತ್ತಾನೆ, ಆನೆಗಳು ನದಿಯನ್ನು ತಿರುಗಿಸಿ ಕಾಡುಗಿಚ್ಚನ್ನು ಆರಿಸುತ್ತವೆ. ಆಂಡಿ ಸರ್ಕಿಸನ 2018ರ ಚಿತ್ರವೊಂದು ಸ್ವಲ್ಪ ಧೈರ್ಯ ಮಾಡಿತು. ಅಲ್ಲಿ ಬೇಟೆಗಾರನ ಕೋಣೆಯಲ್ಲಿ ಮೌಗ್ಲಿ ತನ್ನ ಗೆಳೆಯನಾಗಿದ್ದ ಬಿಳಿಯ ತೋಳಮರಿಯ ತೊಗಲಿನ ಬೊಂಬೆಯನ್ನು ಕಾಣುತ್ತಾನೆ. ಆದರೆ ಜನ ಅದನ್ನು ಅಷ್ಟಾಗಿ ಮೆಚ್ಚಲಿಲ್ಲ. ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಪುಸ್ತಕಗಳಿಗಿಂತ ಮೊದಲೇ, 1893ರಲ್ಲಿ, ಕಿಪ್ಲಿಂಗನು ಬರೆದ ಕಥೆಯೊಂದರಲ್ಲಿ ಬೆಳೆದ ಮೌಗ್ಲಿ ಅರಣ್ಯ ಇಲಾಖೆಯ ನೌಕರಿಗೆ ಸೇರುತ್ತಾನೆ, ಪಿಂಚಣಿಯ ಭರವಸೆಯೊಡನೆ. ಅದನ್ನು ತೆರೆಗೆ ತರುವ ಮನಸ್ಸು ಈ ದೊಡ್ಡ ನಿರ್ಮಾಪಕರಿಗೆ ಬಂದಂತಿಲ್ಲ.

2016ರ ಚಿತ್ರದಲ್ಲಿ ಹುಡುಗನೊಬ್ಬನು ಮಾತ್ರ ನಿಜ. ಪ್ರಾಣಿಗಳೆಲ್ಲ ಗಣಕಯಂತ್ರದಲ್ಲಿ ಹುಟ್ಟಿದವು. ಕಾಡೂ ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿಯೇ ಮೈದಳೆದದ್ದು. ಆ ಕೌಶಲಕ್ಕೆ ಆಸ್ಕರ್ ಬಹುಮಾನವೂ ಸಂದಿತು. ಇದನ್ನು ನಾನು ಆಕ್ಷೇಪಿಸುವುದಿಲ್ಲ. ಚಿತ್ರಕ್ಕಾಗಿ ಯಾವ ಆನೆಯೂ ಅಂಕುಶದ ತಿವಿತವನ್ನು ಸಹಿಸಬೇಕಾಗಲಿಲ್ಲವೆಂಬುದು ಸಣ್ಣ ಲಾಭವಲ್ಲ. ಆದರೆ ಐರಾವತನ ಮೈಯ ಕೆಸರು, ಅದರ ಬೇಸರ, ತನಗಿಷ್ಟವಿಲ್ಲದಾಗ ಹುಡುಗನ ಕಡೆ ನೋಡದೆ ನಿಲ್ಲುವ ಅದರ ಗತ್ತು, ಇವೂ ಜತೆಗೇ ಹೋದುವು. ಗಣಕಯಂತ್ರದ ಆನೆ ಬರೆದವರ ಮಾತನ್ನು ಮೀರಲಾರದು. ಹರಿಯಬಲ್ಲ ಹುರಿ ಅದಕ್ಕೆ ಇಲ್ಲವೇ ಇಲ್ಲ.

ತೆರೆಯಿಂದ ಆನೆ ಹೊರಟುಹೋದ ಈ ಕಾಲದಲ್ಲಿಯೇ ಅದು ನಮ್ಮ ಅಂಗಳಕ್ಕೆ ಬಂದಿದೆ. 2023ರ ಗಣತಿಯಲ್ಲಿ ಕರ್ನಾಟಕದ ಕಾಡಾನೆಗಳು 6,395 ಎಂದು ಅಂದಾಜಾಯಿತು; ದೇಶದಲ್ಲಿ ಇಷ್ಟು ಆನೆಗಳಿರುವ ರಾಜ್ಯ ಮತ್ತೊಂದಿಲ್ಲ. ಇದು ಹೆಮ್ಮೆಯ ಮಾತೇ. ಹಾಸನ, ಕೊಡಗು, ಚಾಮರಾಜನಗರದ ರೈತನಿಗೆ ಅದೇ ಅಂಕಿ ಬೇರೆ ಅರ್ಥ ಕೊಡುತ್ತದೆ. ಆನೆಕಂದಕ, ಸೌರಬೇಲಿ, ರೈಲುಕಂಬಿಯ ತಡೆ, ಕೊರಳಿಗೆ ರೇಡಿಯೋ ಪಟ್ಟಿ, ಮೊಬೈಲಿಗೆ ಎಚ್ಚರಿಕೆಯ ಸಂದೇಶ: ಉಪಾಯಗಳಿಗೆ ಕೊರತೆಯಿಲ್ಲ. ಎಲ್ಲ ಸೋತಾಗ ನಾವು ಹೋಗುವುದು ಮತ್ತೆ ಕಾಲಾ ನಾಗನ ಬಳಿಗೇ. ಎಂಟು ಸಲ ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇಂಥ ಕಾರ್ಯಾಚರಣೆಯಲ್ಲಿ, ಸಕಲೇಶಪುರ ತಾಲ್ಲೂಕಿನ ಯಸಳೂರಿನ ಕಾಡಿನಲ್ಲಿ, ಒಂದು ಕಾಡಾನೆಯ ದಂತಕ್ಕೆ ಸಿಕ್ಕಿ. 2025ರ ಮೇ ತಿಂಗಳಲ್ಲಿ ಆಂಧ್ರಕ್ಕೆ ನಾಲ್ಕು ಕುಮ್ಕಿ ಆನೆಗಳನ್ನು ಕೊಟ್ಟೆವು. ಅಲ್ಲಿಯೂ ಅದೇ ಕೆಲಸ. 1893ರ ಕಥೆಯಲ್ಲಿ ಸರ್ಕಾರದ ಆನೆ ಏನು ಮಾಡುತ್ತಿತ್ತೋ ಇಂದಿಗೂ ಬಹುಮಟ್ಟಿಗೆ ಅದನ್ನೇ ಮಾಡುತ್ತಿದೆ, ಮಾರಾಟಕ್ಕೆ ಹಿಡಿಯುವ ಬದಲು ಸ್ಥಳಾಂತರಕ್ಕೆ ಹಿಡಿಯುತ್ತೇವೆ ಎಂಬುದೊಂದೇ ವ್ಯತ್ಯಾಸ.

2023ರ ಮಾರ್ಚಿನಲ್ಲಿ ಆಸ್ಕರ್ ಪಡೆದ 'ದಿ ಎಲಿಫೆಂಟ್ ವಿಸ್ಪರರ್ಸ್' ಎಂಬ ಕಿರು ಸಾಕ್ಷ್ಯಚಿತ್ರ ಮುದುಮಲೆಯ ತೆಪ್ಪಕಾಡು ಶಿಬಿರದ್ದು. ತಬ್ಬಲಿ ಆನೆಮರಿಯನ್ನು ಸಾಕುವ ಬೊಮ್ಮನ್, ಬೆಳ್ಳಿ ದಂಪತಿಗಳನ್ನು ಕಂಡು ನನಗೆ ಫ್ಲಾಹರ್ಟಿಯ ಹೊಳೆಯ ದೃಶ್ಯಗಳು ನೆನಪಾದುವು. ಅಲ್ಲಿ ಮತ್ತೆ ನಿಜವಾದ ಕೆಸರುಂಟು, ಉಜ್ಜುವ ಕೈಯುಂಟು, ದುಡಿಮೆಯುಂಟು. ಆ ಮರಿ ತಬ್ಬಲಿಯಾದದ್ದೇಕೆ, ಅದರ ಹಿಂಡು ಊರ ಕಡೆಗೆ ಏಕೆ ಬಂದಿತು ಎಂಬುದರ ಮೇಲೆ ಚಿತ್ರ ಹೆಚ್ಚು ನಿಲ್ಲುವುದಿಲ್ಲ. ಇದು ದೋಷವೆಂದು ಸಾಧಿಸಲಾರೆ. ನಲವತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಲಾಗದು.

ಪ್ರಬಂಧ ಬರೆದ ಹುಡುಗಿಗೂ ಅವಳ ಗೆಳತಿಯರಿಗೂ ಒಂದು ಶನಿವಾರ 'ಎಲಿಫೆಂಟ್ ಬಾಯ್' ತೋರಿಸಿದೆ. ಆಮೇಲೆ, ಹೇಗಿತ್ತಮ್ಮ ಎಂದು ಕೇಳಿದೆ.

"ಸಾರ್, ಆನೇನ ಕೊಲ್ಲಬೇಕು ಅಂತ ಹಠ ಹಿಡೀತಾನಲ್ಲ, ಆ ಮಾವುತ ಕೆಟ್ಟವನೇ. ಹುಡುಗ ಹೊಳೇಲಿ ಆನೆ ತೊಳೆಯೋದು ನೋಡಿ ನನಗೂ ನಗು ಬಂತು. ಆದರೆ ಗಾಯ ಆದವನ ಮನೇಲಿ ಯಾರಿದ್ದರು ಅಂತ ಚಿತ್ರದಲ್ಲಿ ತೋರಿಸಲೇ ಇಲ್ಲ" ಎಂದಳು.

ನಾನು ಕೋರ್ಡಾನ ಕಥೆ, ಕಿಪ್ಲಿಂಗನ ಕಥೆ ಎಂದು ಏನೋ ವಿವರಿಸತೊಡಗಿದೆ. ಅವಳು ವಿನಯದಿಂದ ಕೇಳುತ್ತಲೇ ಎರಡು ಬಾರಿ ಗಡಿಯಾರದ ಕಡೆ ನೋಡಿದಳು. ಕತ್ತಲಾದ ಮೇಲೆ ಬಸ್ಸಿಳಿದರೆ ಮನೆಯ ತನಕ ನಡೆಯಲು ಅವರ ಊರಿನಲ್ಲಿ ಯಾರೂ ಬಿಡುವುದಿಲ್ಲವಂತೆ. ಮೂರೂವರೆಯ ಬಸ್ಸಿಗೆ ಅವಳನ್ನು ಕಳುಹಿಸಿಕೊಟ್ಟೆ.