ಪೂಜೆಯ ಹೂ ಯಾವ ಬುಟ್ಟಿಗೆ?

ಬೋಧನಾಭ್ಯಾಸದ ವೀಕ್ಷಣೆಯಲ್ಲಿ ನಾನು ಬರೆದ ಒಂದು ಷರಾ ಇನ್ನೂ ನನ್ನನ್ನು ಕಾಡುತ್ತಿದೆ. ಅದನ್ನು ಹೇಳಿಯೇ ಮುಂದಿನ ಮಾತಿಗೆ ಹೋಗುತ್ತೇನೆ.

ನಮ್ಮ ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿ. ಪಾಠ, ಮನೆಯ ಕಸದ ವಿಂಗಡಣೆ. ಪ್ರಶಿಕ್ಷಣಾರ್ಥಿ ಒಳ್ಳೆಯ ತಯಾರಿಯೊಂದಿಗೆ ಬಂದಿದ್ದರು. ಮೇಜಿನ ಮೇಲೆ ಹಸಿರು ಬುಟ್ಟಿ, ಕೆಂಪು ಬುಟ್ಟಿ, ಒಂದು ಚೀಲ. ಕೈಯಲ್ಲಿ ಕಸದ ಹೆಸರು ಬರೆದ ಮಿಂಚುಪಟ್ಟಿಗಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪಟ್ಟಿಯನ್ನು ಸರಿಯಾದ ಕಡೆ ಹಾಕಬೇಕು. ‘ಬಾಡಿದ ಹೂ’ ಎಂಬ ಪಟ್ಟಿ ಒಬ್ಬ ಹುಡುಗಿಯ ಕೈಗೆ ಬಂತು. ಅವಳು ಎರಡು ಬುಟ್ಟಿ, ಚೀಲ ಎಲ್ಲವನ್ನೂ ನೋಡಿ ಸುಮ್ಮನೆ ನಿಂತಳು. “ಇದು ಯಾವುದಕ್ಕೂ ಬರಲ್ಲ ಮಿಸ್. ದೇವರ ಹೂ ಕಸ ಅಲ್ಲ” ಎಂದಳು. ತರಗತಿ ನಕ್ಕಿತು. “ಹೂ ಕೊಳೆಯುತ್ತೆ ತಾನೆ? ಹಾಗಾದ್ರೆ ಹಸಿ ಕಸ, ಹಸಿರು ಬುಟ್ಟಿಗೆ ಹಾಕು” ಎಂದರು ಪ್ರಶಿಕ್ಷಣಾರ್ಥಿ. ಹುಡುಗಿ ಹಾಕಿ ಹೋಗಿ ಕುಳಿತಳು. ನಾನು ವೀಕ್ಷಣಾ ನಮೂನೆಯಲ್ಲಿ ಬರೆದೆ: ‘ತಪ್ಪು ಉತ್ತರವನ್ನು ತಕ್ಷಣ ತಿದ್ದಿದ್ದಾರೆ. ಉತ್ತಮ.’

ಮರಳುವಾಗ ಊರ ಹೊರಗಿನ ನಾಲೆಯ ಸೇತುವೆ ದಾಟಬೇಕು. ಸೇತುವೆಯ ಕೆಳಗಿನ ಕಂಬಿಗಳಿಗೆ ಹತ್ತಾರು ಪ್ಲಾಸ್ಟಿಕ್ ಕವರ್‌ಗಳು ಸಿಕ್ಕಿಕೊಂಡಿದ್ದವು. ಬಾಯಿ ಕಟ್ಟಿದ ಆ ಕವರ್‌ಗಳ ಒಳಗೆ ಒಣಗಿದ ಸೇವಂತಿಗೆ, ತುಳಸಿ, ಊದುಬತ್ತಿಯ ಕಡ್ಡಿ. ನೂರಾರು ಸಲ ದಾಟಿದ ಸೇತುವೆಯೇ ಅದು. ಅವತ್ತು ಮಾತ್ರ ಹುಡುಗಿಯ ಮಾತು ನೆನಪಾಗಿ ನಿಂತೆ. ದೇವರ ಹೂವನ್ನು ಕಸ ಎನ್ನಲು ಒಪ್ಪದ ಮನೆ ಅದನ್ನು ಕವರಿನಲ್ಲಿ ಕಟ್ಟಿ ನೀರಿಗೆ ಬಿಡುತ್ತದೆ. ಶಾಲೆಯಲ್ಲಿ ಪಟ್ಟಿಯನ್ನು ಹಸಿರು ಬುಟ್ಟಿಗೆ ಹಾಕಿದ ಮಗು, ಹಬ್ಬದ ಮರುದಿನ ಅಮ್ಮ ಕೊಟ್ಟ ಕವರನ್ನು ಹಿಡಿದು ಇಲ್ಲಿಗೇ ಬರುತ್ತದೆ. ಅವಳು ಕೊಟ್ಟದ್ದು ತಪ್ಪು ಉತ್ತರವಲ್ಲ. ಅಂದಿನ ಪಾಠ ಆರಂಭವಾಗಬೇಕಿದ್ದ ಜಾಗವೇ ಅದಾಗಿತ್ತು. ನಾವಿಬ್ಬರೂ ಅದನ್ನು ಮುಚ್ಚಿಬಿಟ್ಟೆವು.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೆಂಗಳೂರಿಗೆ ‘ಎರಡು ಬುಟ್ಟಿ, ಒಂದು ಚೀಲ’ದ ವಿಂಗಡಣೆಯನ್ನು ಕಡ್ಡಾಯಗೊಳಿಸಿತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಹುಟ್ಟಿದ ಜಾಗದಲ್ಲೇ ಬೇರ್ಪಡಿಸುವ ಹೊಣೆಯನ್ನು ದೇಶದ ನಗರ, ಪಟ್ಟಣಗಳ ಮನೆಮಂದಿಯ ಮೇಲೆ ಹೊರಿಸಿದವು. ಕಾನೂನು ಹೊಸ್ತಿಲವರೆಗೆ ಬಂದಿದೆ. ಹೊಸ್ತಿಲ ಒಳಗಿನ ರೂಢಿಯನ್ನು ಕಲಿಸುವವರು ಬೇರೆ: ಅಜ್ಜಿ, ಅಮ್ಮ, ದೇವಸ್ಥಾನ, ಮಸೀದಿ, ಚರ್ಚು. ಅವರು ಪಾಠಯೋಜನೆ ಬರೆಯುವುದಿಲ್ಲ, ಆದರೆ ದಿನವೂ ಕಲಿಸುತ್ತಾರೆ. ನಮ್ಮ ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಸಾಲಿದೆ. ಅದರ ಕೆಳಗೆ ‘ವಿದ್ಯಾರ್ಥಿಗಳಿಗೆ ಕಸದ ಬಗ್ಗೆ ಸಾಮಾನ್ಯ ತಿಳಿವಳಿಕೆ ಇದೆ’ ಎಂದು ಬರೆದು ಮುಂದೆ ಹೋಗುತ್ತೇವೆ. ಯಾವ ತಿಳಿವಳಿಕೆ, ಅದನ್ನು ಕಲಿಸಿದವರು ಯಾರು ಎಂದು ಕೇಳುವುದಿಲ್ಲ. ಮಗು ಖಾಲಿ ಬುಟ್ಟಿಯಂತೆ ಬರುತ್ತದೆ ಎಂದು ನಂಬಿದವರಂತೆ ಪಾಠ ಮಾಡುತ್ತೇವೆ.

ಮರುವರ್ಷ ಅದೇ ಶಾಲೆಯಲ್ಲಿ, ಅದೇ ಪಾಠಕ್ಕೆ, ಇನ್ನೊಬ್ಬ ಪ್ರಶಿಕ್ಷಣಾರ್ಥಿಗೆ ಒಂದು ಸಲಹೆ ಕೊಟ್ಟೆ. ಬುಟ್ಟಿಗಳನ್ನು ತರುವ ಮೊದಲು ಮಕ್ಕಳಿಗೆ ಒಂದೇ ಪ್ರಶ್ನೆ ಕೊಟ್ಟು ಮನೆಗೆ ಕಳಿಸಿ: ‘ನಿಮ್ಮ ಮನೆಯಲ್ಲಿ ಬೇಡವಾದರೂ ಕಸಕ್ಕೆ ಹಾಕದ ವಸ್ತು ಯಾವುದು? ಅದನ್ನು ಏನು ಮಾಡುತ್ತೀರಿ?’

ಉತ್ತರಗಳು ನನ್ನನ್ನೇ ಬೆರಗುಗೊಳಿಸಿದವು. ಒಬ್ಬಳ ಅಜ್ಜಿ ಹೇಳಿದ್ದರಂತೆ: “ನಿರ್ಮಾಲ್ಯ ಯಾರೂ ತುಳಿಯಬಾರದು ಅಷ್ಟೆ. ಗಿಡದ ಬುಡಕ್ಕೆ ಹಾಕಿದರೂ ಆಯ್ತು.” ಸಂಜೆ ಅರಬ್ಬಿ ಕಲಿಯಲು ಹೋಗುವ ಹುಡುಗ, ಕುರಾನಿನ ಹರಿದ ಹಾಳೆಗಳನ್ನು ಕೂಡಿಟ್ಟು ಶುದ್ಧವಾದ ಜಾಗದಲ್ಲಿ ಹೂಳಬೇಕೆಂದು ಹಜರತ್ ಹೇಳಿಕೊಟ್ಟಿದ್ದಾರೆ ಎಂದ. ಚರ್ಚಿನ ಧರ್ಮೋಪದೇಶದ ತರಗತಿಗೆ ಹೋಗುವ ಹುಡುಗಿ, ಗರಿಗಳ ಭಾನುವಾರದ ಗರಿಯನ್ನು ವರ್ಷವಿಡೀ ಮನೆಯಲ್ಲಿಟ್ಟು ಮತ್ತೆ ಚರ್ಚಿಗೆ ಕೊಡುತ್ತೇವೆ, ಅದನ್ನು ಸುಟ್ಟ ಬೂದಿಯನ್ನೇ ಬೂದಿ ಬುಧವಾರ ಹಣೆಗೆ ಇಡುತ್ತಾರೆ ಎಂದಳು. ಒಬ್ಬ ರೈತನ ಮಗ ತಿಪ್ಪೆಯ ಮಾತೆತ್ತಿದ: “ಸಗಣಿ, ಬೂದಿ, ತರಕಾರಿ ಸಿಪ್ಪೆ ನಮ್ಮಲ್ಲಿ ಕಸ ಅಲ್ಲ ಸರ್, ಗೊಬ್ಬರ.”

ಆಗ ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಒಂದೇ ಪದ ಬರೆದರು: ವಿಂಗಡಣೆ. ಎಲ್ಲ ಮನೆಗಳೂ ಒಂದಲ್ಲ ಒಂದನ್ನು ಬೇರೆ ಮಾಡುತ್ತಲೇ ಬಂದಿವೆ. ಒಂದು ವಸ್ತು ಕೊನೆಗೆ ಎಲ್ಲಿಗೆ ಹೋಗಬೇಕು ಎಂಬ ಕಾಳಜಿ ಮಕ್ಕಳಿಗೆ ಹೊಸದಲ್ಲ. ಹೊಸದಾಗಿ ಬಂದದ್ದು ಪ್ಲಾಸ್ಟಿಕ್ ಕವರು. ಅಜ್ಜಿಯ ಮಾತಿನಲ್ಲಿ ಕವರು ಇರಲಿಲ್ಲ ಎಂಬುದನ್ನು ಮಕ್ಕಳೇ ಗುರುತಿಸಿದರು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಸಹೋದ್ಯೋಗಿಗಳು ನನ್ನೆದುರೇ ಎತ್ತಿದ್ದಾರೆ.

ಮೊದಲನೆಯದು, ಧರ್ಮವನ್ನು ತರಗತಿಗೆ ತರಬಹುದೇ? ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದು. ಅದು ಸರಿಯಾದ ಗಡಿ. ಆದರೆ ಮಗು ಮನೆಯಲ್ಲಿ ಏನು ಕಲಿತಿದೆ ಎಂದು ಕೇಳುವುದು ಬೋಧನೆಯಲ್ಲ, ಆಲಿಸುವುದು. ಯಾವ ಆಚರಣೆ ಮೇಲು ಎಂದು ತೂಗದಿದ್ದರೆ, ಯಾವ ಮಗುವನ್ನೂ ಅದರ ಸಮುದಾಯದ ವಕ್ತಾರನಂತೆ ಎದ್ದು ನಿಲ್ಲಿಸದಿದ್ದರೆ, ಆ ಗಡಿ ಉಳಿಯುತ್ತದೆ.

ಎರಡನೆಯದು ಹೆಚ್ಚು ಗಟ್ಟಿಯಾದದ್ದು: ಮನೆ ಕಲಿಸಿದ್ದೆಲ್ಲ ಸರಿಯೇ? ಅಲ್ಲ. ಬೆಳಗ್ಗೆ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವ ಕೈಯೇ ಆ ಕಸವನ್ನು ಮೋರಿಗೆ ತಳ್ಳುತ್ತದೆ. ಮಡಿ–ಮೈಲಿಗೆಯ ಪಾಠ ಒಳಗನ್ನು ಶುದ್ಧವಾಗಿಡಲು ಕಲಿಸುವಾಗಲೇ ಹೊರಗಿನ ಕೊಳೆ ತೆಗೆಯುವುದು ಇಂಥವರ ಕೆಲಸ ಎಂದೂ ಕಲಿಸಿದೆ. ಅದೇ ತರಗತಿಯಲ್ಲಿ ಪೌರಕಾರ್ಮಿಕ ಮಹಿಳೆಯೊಬ್ಬರ ಮಗನಿದ್ದ. ಎಲ್ಲರೂ ಮಾತಾಡಿದ ಮೇಲೆ ಅವನು ಮೆಲ್ಲಗೆ ಹೇಳಿದ: “ನೀವೆಲ್ಲ ಕಲಸಿ ಕೊಡ್ತೀರಿ. ನಮ್ಮಮ್ಮ ಕೈಯಲ್ಲಿ ಬಿಡಿಸ್ತಾಳೆ. ಗಾಜು ಚುಚ್ಚುತ್ತೆ.” ಈ ಸಲ ತರಗತಿ ನಗಲಿಲ್ಲ. ವಿಂಗಡಣೆ ಏಕೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಕಾರಣವನ್ನು ಯಾವ ಪಠ್ಯಪುಸ್ತಕವೂ ಕೊಡಲಾರದು. ಅವನ ಮಾತೂ ಮನೆಯ ಕಲಿಕೆಯೇ. ಒಂದು ಮನೆ ಕಲಿಸಿದ್ದನ್ನು ಇನ್ನೊಂದು ಮನೆ ಕಲಿಸಿದ್ದು ಪ್ರಶ್ನಿಸಬಲ್ಲದು. ಎರಡೂ ಒಂದೇ ಕೋಣೆಯಲ್ಲಿ ಕೂರುವ ಜಾಗ ಶಾಲೆ. ನಮ್ಮ ಕೆಲಸ ಆ ಮಾತಿಗೆ ಎಡೆ ಮಾಡಿಕೊಡುವುದು.

ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಬೆಸೆಯಬೇಕು ಎಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರಲ್ಲೇ ಹೇಳಿತು. ಬಿ.ಎಡ್. ಎರಡು ವರ್ಷದ್ದಾದ ಮೇಲೆ ಶಾಲಾ ಅನುಭವಕ್ಕೆ ಒಟ್ಟು 20 ವಾರ ಸಿಕ್ಕಿತು. ಆದರೂ ನಮ್ಮ ವೀಕ್ಷಣಾ ನಮೂನೆ ಧ್ವನಿ, ಕಪ್ಪುಹಲಗೆ ಕಾರ್ಯ, ಬೋಧನೋಪಕರಣ, ಸಮಯಪಾಲನೆಗಳನ್ನೇ ಅಳೆಯುತ್ತಿದೆ. ಯೋಜನೆಯಲ್ಲಿಲ್ಲದ ಉತ್ತರ ಬಂದಾಗ ಶಿಕ್ಷಕರು ಏನು ಮಾಡಿದರು ಎಂಬುದಕ್ಕೆ ನಾನು ಬಳಸುವ ನಮೂನೆಯಲ್ಲಿ ಜಾಗವಿಲ್ಲ.

ಆದ್ದರಿಂದ ಮೂರು ಸಣ್ಣ ಬದಲಾವಣೆಗಳನ್ನು ಸೂಚಿಸುತ್ತೇನೆ. ‘ಪೂರ್ವಜ್ಞಾನ’ದ ಕೆಳಗೆ, ಮಕ್ಕಳನ್ನು ಕೇಳಿ ತಿಳಿದ ಎರಡು ಸಂಗತಿಗಳನ್ನು ಅವರದೇ ಮಾತಿನಲ್ಲಿ ಬರೆಯುವುದು ಕಡ್ಡಾಯವಾಗಲಿ. ಪ್ರತಿ ಪ್ರಶಿಕ್ಷಣಾರ್ಥಿ ಬೋಧನಾಭ್ಯಾಸದ ಅವಧಿಯಲ್ಲಿ ಎರಡು ಮನೆಗಳಿಗಾದರೂ ಹೋಗಿ ಬರಲಿ. ಉಪದೇಶಕ್ಕಲ್ಲ, ಕೇಳಿ ಕಲಿಯಲು. ವೀಕ್ಷಣಾ ನಮೂನೆಯಲ್ಲಿ ಒಂದು ಅಂಶ ಸೇರಲಿ: ‘ನಿರೀಕ್ಷಿಸದ ಉತ್ತರವನ್ನು ಬೆಳೆಸಿದ ರೀತಿ’.

ಪ್ರಶಿಕ್ಷಣಾರ್ಥಿ ಮಿತ್ರರೇ, ಮುಂದಿನ ಸಲ ನಿಮ್ಮ ತರಗತಿಯಲ್ಲಿ ಒಂದು ಮಗು ಯಾವ ಬುಟ್ಟಿಗೂ ಸೇರದ ಉತ್ತರ ಹೇಳಿದರೆ, “ಯಾಕಮ್ಮ, ಮನೇಲಿ ಏನು ಮಾಡ್ತೀರಿ?” ಎಂದು ಒಂದು ನಿಮಿಷ ಕೇಳಿ. ಯೋಜನೆ ಹಿಂದೆ ಬಿದ್ದರೂ ಪರವಾಗಿಲ್ಲ. ಹಿಂದಿನ ಬೆಂಚಿನಲ್ಲಿ ನಾನು ಕುಳಿತಿದ್ದರೆ, ಈ ಸಲ ಬೇರೆಯೇ ಷರಾ ಬರೆಯುತ್ತೇನೆ.