ಅಣ್ಣನಿಗೆ ಆರು ಮೊಟ್ಟೆ, ತಂಗಿಗೆ ಎರಡೇ ಯಾಕೆ?

ಮೊಟ್ಟೆ ಅಂದರೆ ಸಾಕು, ನಮ್ಮಲ್ಲಿ ಜಗಳ ಶುರುವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ಕೆರಳಿದರು. ತಿನ್ನದವರಿಗೆ ಬಾಳೆಹಣ್ಣು ಇದ್ದೇ ಇತ್ತು. ಆದರೆ ಅವರ ತಕರಾರು ತಮ್ಮ ಮಕ್ಕಳ ತಟ್ಟೆಯದಲ್ಲ, ಪಕ್ಕದವರ ತಟ್ಟೆಯದು. 2025ರಲ್ಲಿ ಮಂಡ್ಯದ ಆಲಕೆರೆಯಲ್ಲಿ, ಶಾಲೆಯ ಹತ್ತಿರ ದೇವಸ್ಥಾನವಿದೆ ಎಂಬ ಕಾರಣಕ್ಕೆ ಮತ್ತೆ ಅದೇ ರಗಳೆ. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಬೇರೇನಾದರೂ ಕೊಡಿ, ಬೇಡ ಅಂದವರಾರು? ತಿನ್ನುವ ಮಗುವಿನ ತಟ್ಟೆಗೆ ಕೈಹಾಕಲು ಮಾತ್ರ ಯಾರಿಗೂ ಹಕ್ಕಿಲ್ಲ.

ಈ ಗದ್ದಲದ ನಡುವೆ ಅಂಗನವಾಡಿಯ ಕೂಸು ಯಾರ ಕಣ್ಣಿಗೂ ಬೀಳಲಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಮುಂದೆ ಬಂದದ್ದರಿಂದ 2024ರಲ್ಲಿ ಸರ್ಕಾರಿ ಶಾಲಾ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಎಂದಾಯಿತು. ಒಳ್ಳೆಯ ಕೆಲಸವೇ. ಆದರೆ ಮೂರರಿಂದ ಆರು ವರ್ಷದ ಅಂಗನವಾಡಿ ಮಗುವಿಗೆ ಇಲಾಖೆಯ ಲೆಕ್ಕದಲ್ಲಿ ಸಿಗುವುದು ವಾರಕ್ಕೆ ಎರಡು. ಒಂದೇ ಮನೆಯಿಂದ ಹೊರಡುವ ಅಣ್ಣನಿಗೆ ಆರು, ತಂಗಿಗೆ ಎರಡು! ಮೈಯೂ ಮಿದುಳೂ ಭರದಿಂದ ಬೆಳೆಯುವುದು ಯಾವ ವಯಸ್ಸಿನಲ್ಲಿ ಎಂದು ಹಳ್ಳಿಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ರಕ್ತಹೀನತೆ ಇರುವವರು ಶೇ 65.5, ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 60.9 ಇತ್ತು. ರಕ್ತಹೀನತೆಗೆ ಮೊಟ್ಟೆಯೊಂದೇ ಮದ್ದಲ್ಲ, ಒಪ್ಪುತ್ತೇನೆ. ಕಬ್ಬಿಣಾಂಶದ ಸಿರಪ್ಪು, ಸೊಪ್ಪು, ಜಂತುಹುಳದ ಮಾತ್ರೆ ಎಲ್ಲವೂ ಬೇಕು. ಆದರೆ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಜೊತೆಗೆ ಕಾಳು, ಸೊಪ್ಪು, ಹಣ್ಣಿನಲ್ಲಿ ಸಿಗದ ಬಿ12 ಇದೆ. ಬಾಳೆಹಣ್ಣಿನಲ್ಲಿರುವ ಪ್ರೋಟೀನ್ ಒಂದು ಗ್ರಾಂ ಆಸುಪಾಸು. ಇವೆರಡೂ ಸಮ ಎಂದು ವಾದಿಸುವವರು ಮೊದಲು ಲೆಕ್ಕ ಹಾಕಲಿ. 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ ಎನ್ನುತ್ತೀರಾ? ಬರಲಿ. ಹಾಲು ಮೊಟ್ಟೆಯ ಜೊತೆಗಿರಬೇಕು, ಬದಲಿಗಲ್ಲ.

ಎರಡು ಮೊಟ್ಟೆಯಾದರೂ ಬಾಯಿಗೆ ಸೇರುತ್ತದೆಯೇ? 2024ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಗುಂಡೂರಿನ ಅಂಗನವಾಡಿಯಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಹಾಕಿ, ವಿಡಿಯೊ ತೆಗೆದು, ತಿನ್ನುವ ಮೊದಲೇ ವಾಪಸ್ ಎತ್ತಿಕೊಂಡರು. ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಅಮಾನತಾದರು. ಆಗಲೇಬೇಕಿತ್ತು, ಮಗುವಿನ ಬಾಯಿಂದ ಕಿತ್ತುಕೊಂಡವರ ಪರ ನಾನು ವಕಾಲತ್ತು ಮಾಡುವುದಿಲ್ಲ. ಆದರೆ ಮೇಲಿನವರಿಗೆ ಬೇಕಾದದ್ದು ಉಂಡ ಮಗುವಲ್ಲ, ಉಣ್ಣಿಸಿದ ಫೋಟೊ ಎಂಬುದು ಆ ವಿಡಿಯೊದಲ್ಲೇ ಬಯಲಾಯಿತು. ಅದಕ್ಕೆ ಯಾರನ್ನು ಅಮಾನತು ಮಾಡುವುದು?

ಖರೀದಿಯ ಕಥೆಯೂ ಅಷ್ಟೇ. ಒಮ್ಮೆ ಟೆಂಡರ್, ಇನ್ನೊಮ್ಮೆ ಅಂಗನವಾಡಿಯದೇ ಬಾಲವಿಕಾಸ ಸಮಿತಿ. ಟೆಂಡರ್ ಆದರೆ ಸಣ್ಣ ಮೊಟ್ಟೆ, ಕೊಳೆತ ಮೊಟ್ಟೆಯ ದೂರು. ಸಮಿತಿಯಾದರೆ ಕಾರ್ಯಕರ್ತೆಯೇ ಅಂಗಡಿಯಲ್ಲಿ ಸಾಲ ಹೇಳಿ ಟ್ರೇ ತರಬೇಕು, ಬಿಲ್ಲು ಯಾವಾಗಲೋ ಪಾಸಾಗುತ್ತದೆ. ಚಳಿಗಾಲಕ್ಕೆ ಪೇಟೆಯಲ್ಲಿ ದರ ಏರಿದರೂ ಸರ್ಕಾರದ ದರ ಕದಲುವುದಿಲ್ಲ. ಆ ವ್ಯತ್ಯಾಸ ತುಂಬುವುದು ಯಾರು? ಗೌರವಧನದಲ್ಲಿ ಬದುಕುವ ಹೆಣ್ಣುಮಗಳು. ಸರ್ಕಾರವೇ ಅವಳಿಗೆ ಸಾಲಗಾರ!

ಅಂಗನವಾಡಿ ಪೂರಕ ಆಹಾರಕ್ಕೆ ಕೇಂದ್ರ 2017ರಲ್ಲಿ ನಿಗದಿ ಮಾಡಿದ್ದು ದಿನಕ್ಕೆ ಮಗುವೊಂದಕ್ಕೆ 8 ರೂಪಾಯಿ, ಅದೂ ರಾಜ್ಯದ ಅರ್ಧ ಪಾಲು ಸೇರಿ. ಅದರಲ್ಲೇ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಕೊಡಬೇಕೆಂದು ಆಹಾರ ಭದ್ರತಾ ಕಾಯ್ದೆ ಹೇಳುತ್ತದೆ. ಈ ದುಡ್ಡಿಗೆ ಹೋಟೆಲಿನಲ್ಲಿ ಒಂದು ಟೀ ಕೂಡ ಸಿಗುವುದಿಲ್ಲ.

ಹಾಗಾಗಿ ಮುಖ್ಯಮಂತ್ರಿಗಳಿಗೆ ನೇರವಾಗಿಯೇ ಕೇಳುತ್ತೇನೆ: ಮುಂದಿನ ಬಜೆಟ್‌ನಲ್ಲಿ ಅಂಗನವಾಡಿಗೂ ವಾರಕ್ಕೆ ಆರು ಮೊಟ್ಟೆಯ ಹಣ ಇಡಿ. ದಾನಿಗಳು ಬರಲಿ ಎಂದು ಕಾಯಬೇಡಿ. ದುಡ್ಡನ್ನು ತಿಂಗಳ ಮೊದಲೇ, ಪೇಟೆಯ ದರಕ್ಕೆ ತಕ್ಕಂತೆ, ಬಾಲವಿಕಾಸ ಸಮಿತಿಯ ಖಾತೆಗೆ ಹಾಕಿ.